ತಪ್ಪಿಲ್ಲದ ಬೋರ್ಡು

ಹಳೆಯ ಗಾಡಿಗಳ ಆ ಸಂಗ್ರಹಾಲಯಕ್ಕೆ ಮೊದಲ ಸಲ ಕ್ಯಾಮೆರಾ ಹಿಡಿದು ಹೋದ ದಿನ ಬಾಗಿಲಲ್ಲೇ ಒಂದು ಬೋರ್ಡು ಕಂಡಿತು: ‘ದಯವಿಟ್ಟು ವಾಹನಗಳೊಂದಿಗೆ ಸ್ಪರ್ಧಿಸಬೇಡಿ.’ ಸ್ಪರ್ಶಿಸಬೇಡಿ ಎಂದಿರಬೇಕಿತ್ತು. ಒಳಗೆ ನಿಂತಿದ್ದ ಗಾಡಿಗಳಲ್ಲಿ ಒಂದೂ ಓಡುವ ಸ್ಥಿತಿಯಲ್ಲಿರಲಿಲ್ಲ, ಸ್ಪರ್ಧಿಸಿದ್ದರೆ ನಾನೇ ಗೆಲ್ಲುತ್ತಿದ್ದೆ. ಆದರೂ ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಬೆಂಗಳೂರು ದಂಡಿನ ಕಡೆಯ ಶಾಲೆಗಳಲ್ಲಿ ಕನ್ನಡ ಕಲಿಸಿಯೇ ತಲೆ ನೆರೆತವಳು ನಾನು. ಮನೆಯಲ್ಲಿ ತಮಿಳೋ ಉರ್ದುವೋ ಆಡಿಕೊಂಡು ಬರುವ ಮಕ್ಕಳ ಬಾಯಲ್ಲಿ ಹಕಾರ ಕೂರಿಸುವುದರಲ್ಲಿ ಅರ್ಧ ಆಯುಷ್ಯ ಸವೆದಿದೆ. ಶಿವಾಜಿನಗರದ ಬಸ್ ನಿಲ್ದಾಣದಿಂದ ಕಮರ್ಷಿಯಲ್ ಸ್ಟ್ರೀಟಿನವರೆಗೆ ನಡೆದರೂ ಸಾಕು, ಅಂಗಡಿ ಬೋರ್ಡುಗಳ ಮೇಲೆಲ್ಲ ಮನಸ್ಸಿನಲ್ಲೇ ಕೆಂಪು ಶಾಯಿ ಎಳೆಯುತ್ತಾ ಹೋಗುತ್ತೇನೆ. ಅದೊಂದು ಚಾಳಿ, ಬಿಡಲು ಆಗುವುದಿಲ್ಲ.

ಅಲ್ಲಿಗೆ ಹೋದದ್ದು ಒಂದು ಸ್ಕೂಟರಿನ ಫೋಟೋ ತೆಗೆಯಲು. ನಮ್ಮದೇ ಸ್ಕೂಟರು, ಪಕ್ಕಕ್ಕೆ ಸೈಡ್‌ಕಾರ್ ಜೋಡಿಸಿದ್ದು. ಪುಲಿಕೇಶಿನಗರದಲ್ಲಿ ನಾನಿರುವ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಬಹಳ ಕಾಲದಿಂದ ತುಕ್ಕು ಹಿಡಿಯುತ್ತಾ ನಿಂತಿತ್ತು. ಮಾಲೀಕರು ಆ ಜಾಗದಲ್ಲಿ ನೀರಿನ ಪಂಪು ಕೂರಿಸುತ್ತೇವೆ ಎಂದರು. ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಹಲಸೂರಿನಾಚೆ, ಹಳೇ ಮದ್ರಾಸ್ ರಸ್ತೆಯ ಒಂದು ಗೋದಾಮಿನಲ್ಲಿ, ಹಳೆಯ ವಾಹನಗಳನ್ನು ಕೂಡಿಟ್ಟು ಜನರಿಗೆ ತೋರಿಸುವ ಒಂದು ಕುಟುಂಬವಿದೆ ಎಂದು ಯಾರೋ ಹೇಳಿದರು. ಕಾಗದಪತ್ರ ನನ್ನ ಹೆಸರಿನಲ್ಲೇ ಇತ್ತು, ಕೊಟ್ಟುಬಿಟ್ಟೆ. ಲಾರಿ ಬಂದು ಅದನ್ನು ಏರಿಸಿಕೊಂಡು ಹೋದ ಮೇಲೆ ಹೊಳೆಯಿತು, ಅದರದೊಂದು ಫೋಟೋ ಕೂಡ ನನ್ನಲ್ಲಿಲ್ಲ ಎಂದು.

ಅಷ್ಟು ಹೊತ್ತಿಗೆ ನನ್ನ ಗಂಡ ಹೋಗಿ ಎರಡು ವರ್ಷವಾಗಿತ್ತು. ಸತ್ತು ಹೋದದ್ದಲ್ಲ, ಬಿಟ್ಟು ಹೋದದ್ದು. ಕೆಲಸದಿಂದ ನಿವೃತ್ತರಾದ ಮರುವರ್ಷ, ಒಂದು ಸೂಟ್‌ಕೇಸು ಮತ್ತು ಮನೆಯಲ್ಲಿದ್ದ ಚಿಕ್ಕ ಕುಕ್ಕರು ತೆಗೆದುಕೊಂಡು ಹೋಗಿ ಕೆ.ಆರ್. ಪುರದ ಕಡೆ ಒಂಟಿ ಕೋಣೆಯ ಮನೆ ಮಾಡಿಕೊಂಡರು. ಇನ್ನೊಬ್ಬಳಿರಲಿಲ್ಲ. ಇದ್ದಿದ್ದರೆ ಹೇಳುವುದಕ್ಕೆ ಸುಲಭವಿತ್ತು, ಬೈಯುವುದಕ್ಕೂ ಒಬ್ಬಳು ಸಿಗುತ್ತಿದ್ದಳು. ಕುಡಿತವಿಲ್ಲ, ಸಾಲವಿಲ್ಲ, ನನ್ನ ಮೇಲೆ ಒಂದು ದಿನ ಕೈ ಎತ್ತಿದವರಲ್ಲ. ನಮಗೆ ಮಕ್ಕಳಿಲ್ಲ, ಆ ದುಃಖವನ್ನೂ ಇಬ್ಬರೂ ಸೇರಿ ಎಂದೋ ನುಂಗಿ ಮುಗಿಸಿದ್ದೆವು. ಮತ್ತೆ ಯಾಕೆ ಹೋದರು ಎಂದು ಎಲ್ಲರೂ ಕೇಳಿದರು. ತವರಿನವರು ಕೇಳಿದರು, ಹಾಲಿನವನು ಕೇಳಿದ, ಸ್ಟಾಫ್ ರೂಮಿನಲ್ಲಿ ಗಣಿತದ ಟೀಚರು, “ಏನೋ ಇರ್ಬೇಕಲ್ಲ ಮೇಡಂ, ಎರಡು ಕೈ ಸೇರಿದ್ರೇ ತಾನೇ ಚಪ್ಪಾಳೆ,” ಎಂದರು. ಆಕೆಯೇ ಒಂದು ಸಲ ಕೆ.ಆರ್. ಪುರದ ಸಂತೆಯಲ್ಲಿ ಅವರು ದಂಟಿನ ಸೊಪ್ಪು ಕೊಳ್ಳುತ್ತಿದ್ದುದನ್ನು ಕಂಡು ಬಂದು, “ಚೆನ್ನಾಗಿದ್ರು ಮೇಡಂ, ಸ್ವಲ್ಪ ಮೈ ಕೈ ತುಂಬ್ಕೊಂಡಿದಾರೆ,” ಎಂದು ವರದಿ ಒಪ್ಪಿಸಿದರು. ಆ ಸಂಜೆ ತಾಳಿ ಬಿಚ್ಚಿ ಬೀರುವಿನಲ್ಲಿಟ್ಟೆ.

ಇಷ್ಟು ಹೇಳಿದ್ದು ಗೋದಾಮಿನೊಳಗೆ ನನಗೆ ಎದುರಾದದ್ದು ಅರ್ಥವಾಗಲಿ ಎಂದು. ಬಾಗಿಲ ಬೋರ್ಡು ದಾಟಿ ಒಳಗೆ ಹೋದರೆ ಒಂದು ಕುದುರೆ ಬಂಡಿ, ಅದರ ಮುಂದೆ ‘ಝಟಕಾ’ ಎಂಬ ಬರಹ, ಓದಿದವರಿಗೆ ಕರೆಂಟು ಹೊಡೆಯುವ ಹಾಗೆ. ಅದರಾಚೆ ಹಿತ್ತಾಳೆ ಗಂಟೆಯ ಬೆಂಕಿ ಆರಿಸುವ ಗಾಡಿ, ಯುದ್ಧದ ಕಾಲದಲ್ಲಿ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸು, ಬಣ್ಣ ಹೋದ ಮಿಲಿಟರಿ ಜೀಪು. ಎಲ್ಲದರ ಮುಂದೂ ಒಂದೊಂದು ಬೋರ್ಡು, ಎಲ್ಲ ಬೋರ್ಡಿನಲ್ಲೂ ತಪ್ಪು. ಕೊನೆಗೆ ಒಂದು ಮೂಲೆಯಲ್ಲಿ ನಮ್ಮ ಸ್ಕೂಟರು. ಮೈ ತೊಳೆದು, ಹಸಿರು ಬಣ್ಣ ಬಳಿದು ನಿಲ್ಲಿಸಿದ್ದರು. ಬೋರ್ಡಿನಲ್ಲಿ ನನ್ನ ಗಂಡನ ಹೆಸರಿತ್ತು, ಹೆಸರಿನ ಹಿಂದೆ ‘ದಿವಂಗತ’ ಎಂದಿತ್ತು. ‘ಇವರ ನೆನಪಿಗಾಗಿ ಧರ್ಮಪತ್ನಿಯವರ ಕೊಡುಗೆ.’ ಇಡೀ ಗೋದಾಮಿನಲ್ಲಿ ಒಂದು ಒತ್ತಕ್ಷರವೂ ತಪ್ಪದ ಬೋರ್ಡು ಅದೊಂದೇ.

ನಾನು ಎಷ್ಟು ಹೊತ್ತು ಅಲ್ಲಿ ನಿಂತೆನೋ. ಹೀಗೇಕೆ ಆಯಿತು ಎಂದು ನಿಧಾನಕ್ಕೆ ಹೊಳೆಯಿತು. ಸ್ಕೂಟರು ಕೊಡುವ ಮಾತಿಗೆ ಫೋನು ಮಾಡಿದ್ದವಳು ಗಾಡಿ ಕೂಡಿಟ್ಟ ಆ ಕುಟುಂಬದ ಸೊಸೆ, ನಲವತ್ತರ ಆಸುಪಾಸಿನವಳು, ಸಂಗ್ರಹಾಲಯವನ್ನು ನೋಡಿಕೊಳ್ಳುವವಳು. “ಸರ್ ಏನಂತಾರೆ ಮೇಡಂ? ಅವ್ರಿಗೆ ಓಕೆ ತಾನೇ?” ಎಂದು ಕೇಳಿದ್ದಳು. “ಅವ್ರು ಹೋಗ್ಬಿಟ್ರು,” ಎಂದಿದ್ದೆ ನಾನು. “ಅಯ್ಯೋ, ಸಾರಿ ಮೇಡಂ,” ಎಂದು, ಅವರ ಹೆಸರು ಕೇಳಿ ಬರೆದುಕೊಂಡಳು. ಬಿಟ್ಟು ಹೋದದ್ದಕ್ಕೆ ಮರುಗುತ್ತಿದ್ದಾಳೆ ಎಂದುಕೊಂಡು ಫೋನಿಟ್ಟಿದ್ದೆ. ಅವಳ ತಪ್ಪೇನೂ ಇಲ್ಲ. ನಮ್ಮಲ್ಲಿ ವಯಸ್ಸಾದವರು ಹೋಗ್ಬಿಟ್ರು ಎಂದರೆ ಯಾರೂ ಯಾವ ಊರಿಗೆ ಎಂದು ಕೇಳುವುದಿಲ್ಲ. ಅವಳ ಮನೆಮಾತಾದ ತಮಿಳಿನಲ್ಲೂ ಅದೇ ಕಥೆ. ಕನ್ನಡದ ಟೀಚರಾಗಿ ನಾನು ಇನ್ನೊಂದು ಶಬ್ದ ಸೇರಿಸಬೇಕಿತ್ತು.

ಅವತ್ತೇ ಹೇಳಿಬಿಡಬೇಕೆಂದು ಹೊರಟೆ. ಅಷ್ಟರಲ್ಲಿ ಗೋದಾಮನ್ನು ಗುಡಿಸಿ ಒರೆಸುವ ಹೆಂಗಸು ಒಂದು ಕುರ್ಚಿ ತಂದು ಸ್ಕೂಟರಿನ ಪಕ್ಕದಲ್ಲಿಟ್ಟಳು. ಕಲಬುರಗಿ ಕಡೆಯವಳು, ಗಂಡ ಗಾರೆ ಕೆಲಸದವನು, ಗರುಡಾಚಾರ್‌ಪಾಳ್ಯದಲ್ಲಿ ಒಂದು ರೂಮಿನಲ್ಲಿ ಸಂಸಾರ ಎಂದು ಆಮೇಲೆ ತಿಳಿಯಿತು. “ಕುಂದರ್ರಿ ಅಕ್ಕಾರ. ಎಷ್ಟೊತ್ ಬೇಕಾರ ಕುಂದರ್ರಿ. ನಿಮಗ್ಯಾರೂ ಏನೂ ಕೇಳಂಗಿಲ್ಲ,” ಎಂದಳು. ಚಹಾ ತಂದು ಕೈಗಿಟ್ಟು, ದೂರ ಹೋಗಿ ತನ್ನ ಪಾಡಿಗೆ ಬಸ್ಸಿನ ಗಾಜು ಒರೆಸತೊಡಗಿದಳು. ನಾನು ಕೂತೆ. ಎರಡು ವರ್ಷದಲ್ಲಿ ಯಾರೂ ಏನೂ ಕೇಳದ ಜಾಗ ಅದೊಂದೇ ಸಿಕ್ಕಿತ್ತು. ಸತ್ತವನ ಹೆಂಡತಿಯನ್ನು ಯಾಕೆ ಸತ್ತರು ಎಂದು ಒಂದು ಸಲ ಕೇಳುತ್ತಾರೆ, ಸಕ್ಕರೆ ಕಾಯಿಲೆಯೋ ಹಾರ್ಟೋ ಎಂದರೆ ಮುಗಿಯಿತು. ಬಿಟ್ಟು ಹೋದವನ ಹೆಂಡತಿಗೆ ಆ ಪ್ರಶ್ನೆ ಮುಗಿಯುವುದೇ ಇಲ್ಲ, ಮತ್ತು ನನಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡು ಚಹಾ ಕುಡಿದೆ.

ಆಮೇಲೆ ರಜಾ ದಿನ ಬಂತೆಂದರೆ ಅಲ್ಲಿಗೆ ಹೋಗುವುದು ರೂಢಿಯಾಯಿತು. ಕೈಯಲ್ಲಿ ಕ್ಯಾಮೆರಾ ಇರುತ್ತಿದ್ದರಿಂದ ನೆಪ ಹುಡುಕಬೇಕಿರಲಿಲ್ಲ. ಶಿವಾಜಿನಗರದ ಗುಜರಿ ಸಾಲಿನಲ್ಲಿ ಕೊಂಡ ಹಳೆಯ ಫಿಲಂ ಕ್ಯಾಮೆರಾ ಅದು. ಈ ಕಾಲದಲ್ಲಿ ಫಿಲಂ ಯಾಕೆ, ಫೋನು ಇಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಫೋನಿನಲ್ಲಿ ತೆಗೆದ ಫೋಟೋವನ್ನು ಯಾರಿಗಾದರೂ ಕಳಿಸಬೇಕು, ಕಳಿಸಲು ನನಗೆ ಯಾರಿದ್ದಾರೆ? ಫಿಲಂ ಆದರೆ ರೋಲು ಹುಡುಕಿಕೊಂಡು ಹೋಗಬೇಕು, ತೆಗೆದ ಮೇಲೆ ತೊಳೆಯಲು ಕೊಡಬೇಕು, ಆಮೇಲೆ ಕಾಯಬೇಕು. ಸಂಜೆ ಬೀಗ ತೆಗೆದು ಕತ್ತಲ ಮನೆಗೆ ಕಾಲಿಡುವವಳಿಗೆ ಕಾಯುವುದಕ್ಕೆ ಏನಾದರೊಂದು ಬೇಕು, ಮತ್ತು ಅದು ತಪ್ಪದೆ ಬರುವಂಥದ್ದಾಗಿರಬೇಕು.

ಗೋದಾಮಿನ ಬೆಳಕು ಬಹಳ ಕಮ್ಮಿ. ತಗಡಿನ ಚಾವಣಿಯಲ್ಲಿ ಅಲ್ಲಲ್ಲಿ ಪ್ಲಾಸ್ಟಿಕ್ ಹಾಳೆ ಹಾಕಿದ್ದಾರೆ, ಬಿಸಿಲೇರಿದಾಗ ಅಲ್ಲಿಂದ ಒಂದೊಂದು ತುಂಡು ಬೆಳಕು ಇಳಿಯುತ್ತದೆ. ಮೊದಲು ಕುದುರೆ ಬಂಡಿಯ ಚಕ್ರದ ಮೇಲೆ, ಆಮೇಲೆ ಬೆಂಕಿ ಗಾಡಿಯ ಗಂಟೆಯ ಮೇಲೆ. ಅದನ್ನು ಹಿಂಬಾಲಿಸಿಕೊಂಡು ಹೋಗಿ ಫೋಟೋ ತೆಗೆಯಬೇಕು. ಶಟರು ನಿಧಾನಕ್ಕೆ ಇಟ್ಟು, ಮೊಣಕೈಯನ್ನು ಸ್ಟೂಲಿನ ಮೇಲೂರಿ, ಉಸಿರು ಬಿಗಿಹಿಡಿದು ಒತ್ತಬೇಕು. ಕೈ ನಡುಗಿದರೆ ಇಡೀ ಬಸ್ಸು ನಡುಗಿದಂತೆ ಬರುತ್ತದೆ. ನನ್ನ ಮೊದಲ ರೋಲಿನಲ್ಲಿ ಎಲ್ಲ ಗಾಡಿಗಳೂ ಹೊರಟು ನಿಂತ ಹಾಗೆ ಅಲುಗಿದ್ದವು. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಇನ್ನೂ ಫಿಲಂ ತೊಳೆದುಕೊಡುವ ಸ್ಟುಡಿಯೋದ ಸಾಹೇಬರು ಪ್ರಿಂಟುಗಳನ್ನು ಕೌಂಟರಿನ ಮೇಲೆ ಹರಡಿ, “ಕ್ಯಾ ಟೀಚರ್, ಎಲ್ಲಾ ಗಾಡಿನೇ. ಆದ್ಮಿ ಒಬ್ರೂ ಇಲ್ವಾ ನಿಮ್ದುಕ್ಕೆ?” ಎಂದರು. “ನಿಮ್ದುಕ್ಕೆ ಅಲ್ಲ, ನಿಮಗೆ,” ಎಂದು ತಿದ್ದಿ, ಪ್ರಿಂಟು ತೆಗೆದುಕೊಂಡು ಬಂದೆ.

ಎಲ್ಲ ಗಾಡಿಗಳನ್ನೂ ತೆಗೆದೆ, ನಮ್ಮ ಸ್ಕೂಟರನ್ನು ಮಾತ್ರ ತೆಗೆಯಲಾಗುತ್ತಿರಲಿಲ್ಲ. ಯಾವ ಕಡೆಯಿಂದ ನೋಡಿದರೂ ಬೋರ್ಡು ಚೌಕಟ್ಟಿನೊಳಗೆ ಬರುತ್ತಿತ್ತು. ಕುರ್ಚಿಯಲ್ಲಿ ಕೂತು ಸೈಡ್‌ಕಾರನ್ನು ನೋಡುತ್ತಿದ್ದೆ. ಮದುವೆಯ ಹೊಸತರಲ್ಲಿ ಅದರಲ್ಲಿ ಕೂತು ಹಲಸೂರು ಕೆರೆ ಸುತ್ತಿದ್ದೇನೆ, ಇನ್ನೂ ಬರೀ ಮನೆಗಳಿದ್ದ ಇಂದಿರಾನಗರದ ಮರಗಳ ಕೆಳಗೆ ಹಾದು ಹೋಗಿದ್ದೇನೆ. ಅವರು ಕೋಲಾರದ ಕಡೆಯವರು, ಹಾಲನ್ನು ಆಲು ಎನ್ನುತ್ತಿದ್ದರು. ನಾನು ತಿದ್ದುತ್ತಿದ್ದೆ, ಅವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ಮತ್ತೊಮ್ಮೆ ಸರಿಯಾಗಿ ಹೇಳುತ್ತಿದ್ದರು. ಗಾಡಿ ಓಡಿಸುವಾಗ ಮಾತ್ರ ಏನೇನೋ ಮಾತಾಡಿಕೊಳ್ಳುತ್ತಿದ್ದರು. ಸೈಡ್‌ಕಾರು ತಗ್ಗು, ಇಂಜಿನ್ನಿನ ಸದ್ದು ಜೋರು, ನನಗೆ ಏನೂ ಕೇಳುತ್ತಿರಲಿಲ್ಲ. “ಏನಂದ್ರಿ?” ಎಂದು ಕೂಗಿದರೆ, “ಏನಿಲ್ಲ,” ಎನ್ನುತ್ತಿದ್ದರು. ಆ ಸದ್ದಿನಲ್ಲಿ ಏನು ಹೇಳುತ್ತಿದ್ದರೋ ಎಂದು ಈಗ ಕುರ್ಚಿಯಲ್ಲಿ ಕೂತು ಯೋಚಿಸುತ್ತೇನೆ. ನನಗೆ ಅವರು ಬೇಕೆನಿಸುತ್ತದೆ. ಸಿಟ್ಟೂ ಬರುತ್ತದೆ, ಬೇಕೂ ಅನಿಸುತ್ತದೆ.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಒಂದು ದಿನ ನಾನೂ ಹಾಗೇ ಮಾಡಿದೆ. ಸೊಸೆ ಎದುರಿಗೆ ಸಿಕ್ಕಾಗ ತಡೆಯಲಾರದೆ ಆ ಸ್ಪರ್ಧಿಸಬೇಡಿಯ ವಿಷಯ ಎತ್ತಿದೆ. ಅವಳು ನಾಚಿಕೊಂಡಳು. “ನಂಗೆ ಸ್ಪೀಕಿಂಗ್ ಓಕೆ ಮೇಡಂ, ರೈಟಿಂಗ್ ಬರಲ್ಲ. ನೀವೇ ಎಲ್ಲಾ ಚೆಕ್ ಮಾಡ್ಕೊಡ್ತೀರಾ?” ಎಂದಳು. ಖುಷಿಯಿಂದ ಒಪ್ಪಿದೆ. ಬೋರ್ಡಿನಿಂದ ಬೋರ್ಡಿಗೆ ಹೋಗಿ ಝಟಕಾವನ್ನು ಜಟಕಾ ಮಾಡಿದೆ, ಬೆಂಕಿ ಗಾಡಿಯ ಮುಂದಿದ್ದ ‘ಅಗ್ನಿ ವಾಹನ’ವನ್ನು ‘ಅಗ್ನಿಶಾಮಕ ವಾಹನ’ ಮಾಡಿದೆ. ಸ್ಕೂಟರಿನ ಹತ್ತಿರ ಬಂದಾಗ ಅವಳೇ, “ಇದೊಂದು ಕರೆಕ್ಟ್ ಇದೆ ಅಲ್ವಾ ಮೇಡಂ? ನೀವು ಕನ್ನಡ ಟೀಚರ್ ಅಂತ ಇದನ್ನ ಮಾತ್ರ ನಮ್ಮ ಮಗನ ಕನ್ನಡ ಮಿಸ್ ಹತ್ರ ಬರೆಸ್ದೆ,” ಎಂದಳು. “ಕರೆಕ್ಟಾಗಿದೆ,” ಎಂದೆ ನಾನು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಹಾಗೆಂದು ನನಗೆ ಹೆದರಿಕೆಯಿಲ್ಲ ಎಂದಲ್ಲ. ಬದುಕಿರುವವರ ಹೆಸರಿನ ಹಿಂದೆ ದಿವಂಗತ ಎಂದು ಬರೆಸಿ ಇಟ್ಟರೆ ಆಯುಷ್ಯ ಕಮ್ಮಿಯಾಗುತ್ತದೋ, ಹೆಚ್ಚಾಗುತ್ತದೋ? ಸತ್ತ ಸುದ್ದಿ ಹಬ್ಬಿದವರು ನೂರು ವರ್ಷ ಬದುಕುತ್ತಾರೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಅದನ್ನೇ ನೆನೆಸಿಕೊಂಡು ಸಮಾಧಾನ ಮಾಡಿಕೊಂಡೆ. ಕೆಲವು ದಿನ ಸಿಟ್ಟು ಏರಿದಾಗ, ಇರಲಿ ಬಿಡು, ಅಲ್ಲಾದರೂ ನನ್ನ ಕಣ್ಣೆದುರು ನಿಂತಿರಲಿ ಎಂದುಕೊಂಡೆ. ಹೀಗೆಯೇ ಇನ್ನೂ ಎಷ್ಟು ಕಾಲ ನಡೆಯುತ್ತಿತ್ತೋ, ಅಷ್ಟರಲ್ಲಿ ಆಯುಧ ಪೂಜೆ ಬಂತು.

ಪೂಜೆಗೆ ಒಂದು ವಾರವಿರುವಾಗ ಸೊಸೆ ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು. “ಸರ್‌ದು ಒಂದು ಫೋಟೋ ಕೊಡಿ ಮೇಡಂ. ಫ್ರೇಮ್ ಹಾಕ್ಸಿ, ಗಂಧದ ಹಾರ ಹಾಕಿ ಗಾಡಿ ಪಕ್ಕ ಇಡೋಣ. ಮಾವ ಹೇಳಿದಾರೆ.” ನೋಡುತ್ತೇನೆ ಎಂದು ಹೇಳಿ ಮನೆಗೆ ಬಂದು, ಅವರ ಫೋಟೋಗಳಿದ್ದ ಡಬ್ಬಿಯನ್ನು ಮಂಚದ ಕೆಳಗಿನಿಂದ ಎಳೆದೆ. ಮುಚ್ಚಳ ತೆಗೆಯಲಿಲ್ಲ. ಬೋರ್ಡು ಬೇರೆ, ಹಾರ ಬೇರೆ. ಹಾರ ಹಾಕುವವರ ಕೈಗೆ ನಾನೇ ಫೋಟೋ ಎತ್ತಿ ಕೊಡುವುದು ನನ್ನಿಂದಾಗದ ಮಾತು. ಆದರೆ ನಿಜ ಹೇಳಿದರೆ ಆ ಕುರ್ಚಿ, ಆ ಚಹಾ, ಏನೂ ಕೇಳದ ಆ ಮೂಲೆ ಹೋಗುತ್ತದೆ.

ಪೂಜೆಯ ದಿನ ಗೋದಾಮಿನ ತುಂಬ ಚೆಂಡುಹೂವು, ಬಾಳೆಕಂದು. ಪ್ರತಿ ಗಾಡಿಯ ಚಕ್ರದ ಕೆಳಗೂ ನಿಂಬೆಹಣ್ಣು. ಓಡುವ ಗಾಡಿಯಾದರೆ ಒಂದು ಗೇಣು ಮುಂದಕ್ಕೆ ಬಿಟ್ಟರೆ ಹಣ್ಣು ಅಪ್ಪಚ್ಚಿಯಾಗುತ್ತದೆ. ಇಲ್ಲಿ ಮನೆಮಂದಿ, ನೆರೆಹೊರೆಯವರೆಲ್ಲ ಸೇರಿ ಜೀಪನ್ನು ನೂಕಿದರು, ಜಟಕಾವನ್ನು ನೂಕಿದರು. ಇದ್ದಿಲಿನ ಬಸ್ಸು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕೊನೆಗೆ ಕಲಬುರಗಿಯವಳು, “ಇದಕ್ಕ ವಯಸ್ಸಾಗ್ಯಾದ, ಮನ್ನಿಸ್ರಿ,” ಎಂದು ಹಣ್ಣನ್ನು ತನ್ನ ಹಿಮ್ಮಡಿಯಿಂದಲೇ ಒತ್ತಿದಳು. ಎಲ್ಲರೂ ನಕ್ಕರು. ನಾನೂ ನಗುತ್ತಾ ಒಂದರ ಹಿಂದೊಂದು ಫೋಟೋ ತೆಗೆದೆ. ಸ್ಕೂಟರಿನ ಪಕ್ಕ ಒಂದು ಸ್ಟೂಲಿಗೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಗಂಧದ ಹಾರವನ್ನಿಟ್ಟು ಕಾಯುತ್ತಿದ್ದರು. “ಫೋಟೋ ತಂದ್ರಾ ಮೇಡಂ?” ಎಂದು ಸೊಸೆ ಕೇಳಿದಳು. ಮರೆತೆ ಎಂದೆ.

ಮಂಗಳಾರತಿ ಆಯಿತು. ಸೊಸೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೆಂಗಸರ ಸಾಲಿಗೆ ಬಂದಳು. ಅತ್ತೆಗೆ ಕೊಟ್ಟಳು, ಪಕ್ಕದ ಮನೆಯವರಿಗೆ ಕೊಟ್ಟಳು, ಕಲಬುರಗಿಯವಳಿಗೆ ಕೊಟ್ಟಳು. ನನ್ನ ಮುಂದೆ ಬಂದಾಗ ಅವಳ ಕೈ ತಡೆಯಿತು. ನನ್ನ ಭುಜವನ್ನು ಮೃದುವಾಗಿ ಮುಟ್ಟಿ, ಕೈಗೊಂದು ದೊನ್ನೆ ಸಿಹಿ ಪೊಂಗಲ್ ಕೊಟ್ಟು, ತಟ್ಟೆಯನ್ನು ಸರಿಸಿಕೊಂಡು ಮುಂದಕ್ಕೆ ಹೋದಳು.

ಕುಂಕುಮಕ್ಕೆ ಆಸೆಪಟ್ಟ ಹೆಂಗಸಲ್ಲ ನಾನು. ಹಣೆಗೆ ಕಪ್ಪು ಸ್ಟಿಕ್ಕರು ಅಂಟಿಸಿಕೊಂಡೇ ವರ್ಷಗಳನ್ನು ಕಳೆದವಳು. ಮುತ್ತೈದೆಯರನ್ನು ಮಾತ್ರ ಕರೆಯುವ ಹಬ್ಬಗಳ ಮೇಲೆ ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿದವಳು. ಆದರೆ ಆ ತಟ್ಟೆ ಮುಂದೆ ಹೋದದ್ದೇ ತಡ, ಕೆ.ಆರ್. ಪುರದ ಸಂತೆಯಲ್ಲಿ ದಂಟಿನ ಸೊಪ್ಪು ಆರಿಸುತ್ತಿರುವ ಅವರ ಕೈ ಕಣ್ಣಿಗೆ ಕಟ್ಟಿತು. ಜೀವಂತ ಮನುಷ್ಯನನ್ನು ನಾನು ಇಲ್ಲಿ ಸಾಯಿಸಿ ಕೂತಿದ್ದೇನೆ ಎನಿಸಿತು.

“ನನಗೂ ಕೊಡಿ,” ಎಂದೆ. “ನಮ್ಮ ಯಜಮಾನರು ಸತ್ತಿಲ್ಲ.”

ಸೊಸೆ ತಿರುಗಿ ನಿಂತಳು. “ಮೇಡಂ, ನೀವೇ ಹೇಳಿದ್ರಲ್ಲ, ಹೋಗ್ಬಿಟ್ರು ಅಂತ.”

“ಹೋಗ್ಬಿಟ್ರು. ಮನೆ ಬಿಟ್ಟು ಹೋಗ್ಬಿಟ್ರು. ಕೆ.ಆರ್. ಪುರದಲ್ಲಿದ್ದಾರೆ.”

ಅತ್ತೆ ಸೊಸೆಯ ಮುಖ ನೋಡಿದರು, ನೆರೆಮನೆಯವರು ನನ್ನ ಕೊರಳು ನೋಡಿದರು. ಯಾರೋ ಸ್ಟೂಲಿನ ಮೇಲಿದ್ದ ಹಾರವನ್ನು ಸದ್ದಿಲ್ಲದೆ ಎತ್ತಿಕೊಂಡು ಹೋದರು. ಎಲ್ಲ ಕಣ್ಣುಗಳಲ್ಲೂ ನನಗೆ ಚೆನ್ನಾಗಿ ಗೊತ್ತಿದ್ದ ಆ ಪ್ರಶ್ನೆ ಮೂಡುತ್ತಿರುವುದು ಕಂಡಿತು. ಸೊಸೆ ತಟ್ಟೆ ಹಿಡಿದು ಹಾಗೇ ನಿಂತಿದ್ದಳು. ಕಲಬುರಗಿಯವಳು ಹೋಗಿ ಅವಳ ಕೈಯಿಂದ ತಟ್ಟೆ ಇಸಿದುಕೊಂಡು ನನ್ನ ಬಳಿ ಬಂದಳು. ನನ್ನ ತೋಳು ಹಿಡಿದು ಬಸ್ಸಿನ ಮರೆಗೆ ಕರೆದುಕೊಂಡು ಹೋದಳು. ಉಂಗುರದ ಬೆರಳಿಗೆ ಕುಂಕುಮ ತೆಗೆದುಕೊಂಡು, ದನಿ ತಗ್ಗಿಸಿ ಕೇಳಿದಳು:

“ಯಾಕ್ ಹೋದ್ರರೀ ಅಕ್ಕಾರ?”

“ಗೊತ್ತಿಲ್ಲ,” ಎಂದೆ. ಅಲ್ಲಿಯವರೆಗೆ ಕೇಳಿದವರಿಗೆಲ್ಲ ಏನೇನೋ ಹೇಳಿ ಸಾಗಹಾಕಿದ್ದೆ. ಗೊತ್ತಿಲ್ಲ ಎಂದು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು.

“ಹೋಗೋ ಮುಂದ ಏನಾರ ಅಂದ್ರೇನ್ರಿ?”

“ನಾನು ಅಡುಗೆಮನೇಲಿದ್ದೆ. ಅವ್ರು ಬಾಗ್ಲ ಹತ್ರ ನಿಂತು ‘ಹೋಗ್ತೀನಿ’ ಅಂದ್ರು. ಮನೆಯಿಂದ ಹೊರಡೋವಾಗ ಹಾಗನ್ಬಾರ್ದಲ್ಲ. ‘ಹೋಗ್ತೀನಿ ಅನ್ಬಾರ್ದು ರೀ, ಹೋಗ್ಬರ್ತೀನಿ ಅನ್ಬೇಕು’ ಅಂದೆ. ಒಗ್ಗರಣೆ ಹಾಕ್ತಿದ್ದೆ, ತಿರುಗಿ ಸಹ ನೋಡ್ಲಿಲ್ಲ.”

“ಅದಕ್ಕೇನಂದ್ರು?”

“ಚಪ್ಪಲಿ ಮೆಟ್ಟಿದ ಸದ್ದು ಕೇಳಿಸ್ತು. ಆಮೇಲೆ, ‘ಇಲ್ಲ, ಹೋಗ್ತೀನಿ’ ಅಂದ್ರು.”

ಅವಳು ಕುಂಕುಮದ ಬೆರಳನ್ನು ಹಾಗೇ ಹಿಡಿದು ನನ್ನನ್ನು ನೋಡಿದಳು. ನಮ್ಮ ಇಡೀ ಸಂಸಾರದಲ್ಲಿ ನಾನು ತಿದ್ದಿದ್ದನ್ನು ಅವರು ಒಪ್ಪದೆ ಹೋದದ್ದು ಅದೊಂದೇ ಸಲ.